ಸೂರಿನ ಮೊಕದ್ದಮೆ

ಯೋಚನೆ ಮಾಡುವಾಗ ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಉಗುರು ಕಚ್ಚುತ್ತಾರೆ, ಹೆಚ್ಚಿನವರು ಯೋಚನೆಯ ಗೋಜಿಗೇ ಹೋಗುವುದಿಲ್ಲ. ನಮ್ಮ ಕಟ್ಟಡದ ಮೂರನೆಯ ಮಹಡಿಯ ಸೂರಕ್ಕ ಮಾತ್ರ ಸೂರು ನೋಡುತ್ತಿದ್ದಳು. ಸುಮ್ಮನೆ ಕಣ್ಣೆತ್ತಿ ಇಳಿಸುವ ನೋಟವಲ್ಲ ಅದು. ಮೊದಲು ಗದ್ದ ಏಳುತ್ತಿತ್ತು, ಆಮೇಲೆ ಕತ್ತು ಹಿಂದಕ್ಕೆ ಬಾಗುತ್ತಿತ್ತು, ಕೊನೆಗೆ ಎರಡು ಕಣ್ಣೂ ಮೇಲಕ್ಕೇರಿ ಸೂರಿನ ಒಂದು ಮೂಲೆಯಲ್ಲಿ ಠಿಕಾಣಿ ಹೂಡುತ್ತಿದ್ದವು. ಉತ್ತರ ಸಿಗುವ ತನಕ ಇಳಿಯುತ್ತಿರಲಿಲ್ಲ.

ಈ ಅಭ್ಯಾಸ ಜನ್ಮದಿಂದಲೇ ಬಂದದ್ದು ಎಂದು ಅವಳ ತವರಿನವರು ಸಾಧಿಸುತ್ತಾರೆ. ಹುಟ್ಟಿದ ಕೂಡಲೇ ಅತ್ತಳೋ ಇಲ್ಲವೋ ಎಂಬ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ಹೆರಿಗೆ ಕೋಣೆಯ ಸೂರನ್ನು ಕೂಲಂಕಷವಾಗಿ ಪರಿಶೀಲಿಸಿ, ಅಲ್ಲಿ ತೂಗುತ್ತಿದ್ದ ಫ್ಯಾನಿನ ಬಗ್ಗೆ ಅಸಮಾಧಾನ ತೋರಿಸಿದಳು ಎಂಬುದರಲ್ಲಿ ಎರಡು ಮಾತಿಲ್ಲ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಏಳೆಂಟ್ಲಿ ಎಷ್ಟು ಎಂದು ಕೇಳಿದಾಗ ಇವಳು ಮೇಲೆ ನೋಡಿದಳಂತೆ. ಇವಳನ್ನು ನೋಡಿ ತರಗತಿಯೆಲ್ಲ ಮೇಲೆ ನೋಡಿತಂತೆ. ಮಕ್ಕಳೆಲ್ಲ ಏನು ನೋಡುತ್ತಿದ್ದಾರೆಂದು ಮೇಷ್ಟ್ರೂ ನೋಡಿದಾಗ ತೊಲೆಯ ಬಿರುಕು ಕಣ್ಣಿಗೆ ಬಿದ್ದು, ಶಾಲೆಗೆ ರಜೆ ಕೊಟ್ಟು ಸೂರು ರಿಪೇರಿ ಮಾಡಿಸಿದರಂತೆ. ಇಡೀ ಶಾಲೆಯ ಪ್ರಾಣ ಉಳಿಸಿದ ಮಹಾತಾಯಿ ಎಂದು ಅವಳನ್ನು ಈಗಲೂ ಹೊಗಳುವವರಿದ್ದಾರೆ. ಏಳೆಂಟ್ಲಿ ಎಷ್ಟೆಂದು ಅವಳು ಅವತ್ತು ಹೇಳಲೇ ಇಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಮದುವೆ ಮಾತುಕತೆಯ ದಿನವೂ ಇದೇ ಕತೆ. ಹುಡುಗ ಲಿಫ್ಟ್ ರಿಪೇರಿ ಮಾಡುವವನು. "ನಿಂಗೆ ಒಪ್ಪಿಗೆ ಏನಮ್ಮಾ?" ಎಂದು ಹಿರಿಯರು ಕೇಳಿದರು. ಇವಳು ಸೂರಿಗೆ ಕಣ್ಣು ನೆಟ್ಟಳು. ಎಷ್ಟು ಹೊತ್ತಾದರೂ ಇಳಿಸಲಿಲ್ಲ. ಹುಡುಗನೊಳಗಿನ ಕೆಲಸಗಾರನಿಗೆ ಅನುಮಾನ ಬಂತು. ಎದ್ದು ಕುರ್ಚಿ ಹತ್ತಿ, ಜೇಬಿನಲ್ಲಿದ್ದ ಸ್ಪ್ಯಾನರ್ ತೆಗೆದು, ಫ್ಯಾನಿನ ಸಡಿಲ ನಟ್ಟು ಬಿಗಿ ಮಾಡಿ ಇಳಿದ. ಆಗ ಅವಳು "ಹೂಂ" ಎಂದಳು. ಆ ಹೂಂ ಗಂಡಿಗೆ ಸಂದದ್ದೋ ನಟ್ಟಿಗೆ ಸಂದದ್ದೋ ಎಂದು ಅವನು ಇವತ್ತಿಗೂ ಕೇಳುವ ಧೈರ್ಯ ಮಾಡಿಲ್ಲ.

ಸೂರಕ್ಕನಿಗೆ ಕೆಲಸ ಇದ್ದದ್ದು ಮನೆಬಳಕೆಯ ಸಾಮಾನಿನ ದೊಡ್ಡ ಅಂಗಡಿಯಲ್ಲಿ, ವಾಪಸಾತಿ ಕೌಂಟರಿನ ಹಿಂದೆ. ಕೆಟ್ಟ ಮಿಕ್ಸಿ, ಸುಟ್ಟ ಇಸ್ತ್ರಿಪೆಟ್ಟಿಗೆ, ಒಡೆದ ಫ್ಲಾಸ್ಕು, ಇವುಗಳ ಜೊತೆ ಅವುಗಳ ಮಾಲೀಕರ ಸುಳ್ಳುಗಳೂ ಬೆಳಗಿನಿಂದ ಸಂಜೆಯ ತನಕ ಆ ಕೌಂಟರಿಗೆ ಬರುತ್ತಿದ್ದವು. "ಒಂದೇ ಒಂದು ಸಲಾನೂ ಹಾಕಿಲ್ಲ ಕಣ್ರೀ, ಹಂಗೇ ಹೊಗೆ ಬಂತು" ಎಂದು ಗಿರಾಕಿ ಆಣೆ ಹಾಕಿದರೆ ಇವಳು ಉತ್ತರಿಸದೆ ಮೇಲೆ ನೋಡುತ್ತಿದ್ದಳು. ನಿಜವಾಗಿ ಅವಳು ಯೋಚಿಸುತ್ತಿದ್ದದ್ದು ಗ್ಯಾರಂಟಿ ಕಾರ್ಡಿನ ಯಾವ ಸಾಲು ಇದಕ್ಕೆ ಹೊಂದುತ್ತದೆ ಎಂದು. ಗಿರಾಕಿಗೆ ಮಾತ್ರ ಅದು ಮೇಲಿನವನ ಹತ್ತಿರ ದೂರು ಕೊಡುತ್ತಿರುವಂತೆ ಕಾಣುತ್ತಿತ್ತು. "ಆಯ್ತಕ್ಕಾ, ನೀರಲ್ಲಿ ಬಿದ್ದಿತ್ತು, ಏನೀಗ?" ಎಂದು ಅವನೇ ಒಪ್ಪಿಕೊಂಡುಬಿಡುತ್ತಿದ್ದ.

ಗ್ಯಾರಂಟಿ ಕಾರ್ಡಿನ ಸಣ್ಣಕ್ಷರ ಓದಿ ಓದಿ ಅವಳಿಗೆ ಕಾನೂನಿನ ರುಚಿ ಹತ್ತಿತು. ಸಂಜೆ ಕಾಲೇಜಿಗೆ ಸೇರಿ ಲಾ ಓದಿದಳು, ಪಾಸಾದಳು. ಅಷ್ಟಕ್ಕೇ ಮುಗಿಯುವುದಾಗಿದ್ದರೆ ಚೆನ್ನಾಗಿತ್ತು. ಆದರೆ ವಕೀಲಿಯ ನಿಯಮವೇ ಬೇರೆ. ಓದು ಮುಗಿಸಿದವರು ಯಾವುದಾದರೂ ವಕೀಲರ ಸಂಸ್ಥೆಯಲ್ಲಿ ತರಬೇತಿಗೆ ಸೇರಬೇಕು. ಗೊತ್ತುಪಡಿಸಿದ ಗಡುವಿನೊಳಗೆ ಸೇರದಿದ್ದರೆ ಪಾಸಾದ ಪರೀಕ್ಷೆಯೆಲ್ಲ ರದ್ದು, ಮತ್ತೆ ಮೊದಲಿಂದ ಶುರು. ಸೂರಕ್ಕನ ಗಡುವು ಈ ನೇಮಕಾತಿಯ ಹಂಗಾಮಿಗೆ ಮುಗಿಯುತ್ತಿತ್ತು. ಅರ್ಜಿ ಹಾಕಿದ ಸಂಸ್ಥೆಗಳೆಲ್ಲ 'ನಿಮ್ಮ ಆಸಕ್ತಿಗೆ ಧನ್ಯವಾದಗಳು' ಎಂದು ಬಹಳ ಸಭ್ಯವಾಗಿ ಬಾಗಿಲು ಹಾಕಿಕೊಂಡಿದ್ದವು. ಇನ್ನೂ ತೆರೆದಿದ್ದದ್ದು ಒಂದೇ, ಮುಖ್ಯರಸ್ತೆಯ ಗಾಜಿನ ಕಟ್ಟಡದ ದೊಡ್ಡ ಸಂಸ್ಥೆ. ಆ ಸಂಸ್ಥೆಯವರು ಮನೆಯಿಂದಲೇ ಪರೀಕ್ಷೆ ಬರೆಯಿರಿ ಎಂದರು.

ಮನೆಯಿಂದ ಪರೀಕ್ಷೆ ಎಂದರೆ ಆರಾಮ ಎಂದುಕೊಂಡವರು ಆ ಪರೀಕ್ಷೆಯ ಷರತ್ತುಗಳನ್ನು ಓದಿಲ್ಲ. ಕೋಣೆಯಲ್ಲಿ ಮತ್ತೊಂದು ಜೀವ ಇರಬಾರದು. ಮೇಜಿನ ಮೇಲೆ ಪುಸ್ತಕ, ಫೋನು, ಕಾಗದ ಇರಬಾರದು. ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು ನಾಲ್ಕೂ ಗೋಡೆಗೆ ಆರತಿ ಎತ್ತಿದ ಹಾಗೆ ತಿರುಗಿಸಿ ಕೋಣೆ ತೋರಿಸಬೇಕು. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಕ್ಯಾಮೆರಾ ಅಭ್ಯರ್ಥಿಯ ಮುಖವನ್ನೇ ಕಾಯುತ್ತಿರುತ್ತದೆ. ಕಾಯುವುದು ಮನುಷ್ಯರಲ್ಲ, ಯಂತ್ರ.

ಸೂರಕ್ಕ ಅತ್ತೆಯನ್ನು ಅಡುಗೆಮನೆಗೂ ಗಂಡನನ್ನು ಮೆಟ್ಟಿಲಿಗೂ ಗಡೀಪಾರು ಮಾಡಿ ಕುಳಿತಳು. ಪ್ರಶ್ನೆಗಳೋ ಒಂದಕ್ಕಿಂತ ಒಂದು ಕಿಲಾಡಿ. ಒಂದು ಹೇಳಿಕೆ, ಅದರ ಕೆಳಗೆ ಒಂದು ತೀರ್ಮಾನ. ಹೇಳಿಕೆಯಿಂದ ತೀರ್ಮಾನ ಹುಟ್ಟುತ್ತದೋ ಇಲ್ಲವೋ ಹೇಳಬೇಕು. ಇಂಥದ್ದಕ್ಕೆ ಯೋಚನೆ ಬೇಡವೇ? ಅವಳು ಯೋಚಿಸಿದಳು. ಅವಳು ಯೋಚಿಸಿದಳು ಎಂದರೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಗುಂಡಿ ಒತ್ತಿ ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ತೀರ್ಪು ಮೂಡಿತು: ಅಭ್ಯರ್ಥಿಯ ದೃಷ್ಟಿ ಪದೇ ಪದೇ ಪರದೆಯಿಂದ ಆಚೆ ಹೋಗಿದೆ, ನಕಲಿನ ಶಂಕೆ, ಅರ್ಜಿ ಮುಕ್ತಾಯ, ತೀರ್ಮಾನ ಅಂತಿಮ.

ಅಡುಗೆಮನೆಯಿಂದ ಅತ್ತೆ ಬಂದರು. "ಏನಂತೇ?"

"ನಾನು ಕಾಪಿ ಹೊಡೆದೆನಂತೆ ಅತ್ತೆ."

"ಎಲ್ಲಿಂದ?"

"ಮೇಲಿಂದ."

ಅತ್ತೆ ಮೇಲೆ ನೋಡಿದರು. ಬಹಳ ವರ್ಷಗಳ ನಂತರ ಆ ಮನೆಯ ಸೂರನ್ನು ಸರಿಯಾಗಿ ನೋಡುವ ಸಂದರ್ಭ ಅವರಿಗೆ ಅದೇ ಮೊದಲು ಒದಗಿತ್ತು. ನೀರು ಒಸರಿ ಆದ ಕಂದು ಕಲೆ, ಮೂಲೆಗೊಂದು ಜೇಡರ ಬಲೆ, ಫ್ಯಾನಿನ ಸುತ್ತ ಮಸಿ. "ಇದರಿಂದ ಏನು ಕಾಪಿ ಹೊಡೆಯೋಕಾಗುತ್ತೆ, ಕರ್ಮ!" ಎಂದರು. ಆದರೆ ಅವರ ಮುಖ ಚಿಕ್ಕದಾಯಿತು. ಆ ಮುಖ ಯಾಕೆ ಚಿಕ್ಕದಾಯಿತು ಎಂದು ಆಗಲೇ ಯಾರಾದರೂ ವಿಚಾರಿಸಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಗಂಡ ಮೆಟ್ಟಿಲಿಂದ ಬಂದು ವಿಷಯ ಕೇಳಿ, "ಹೋಗ್ಲಿ ಬಿಡೇ. ಮಷೀನ್ ಜೊತೆ ಜಗಳ ಆಡೋಕಾಗುತ್ತಾ? ನಾನು ದಿನಾ ಆಡ್ತೀನಿ. ಒಂದಿನಾನೂ ಗೆದ್ದಿಲ್ಲ" ಎಂದ.

"ನನ್ನ ಜಗಳ ಮಷೀನ್ ಜೊತೆ ಅಲ್ಲ ರೀ. ಅದರ ಹಿಂದೆ ಅವಿತುಕೊಂಡಿರೋರ ಜೊತೆ."

"ತೀರ್ಮಾನ ಅಂತಿಮ ಅಂತ ಬರೆದಿದ್ದಾರಲ್ಲೇ."

"ನಮ್ಮ ಅಂಗಡಿ ರಸೀದಿ ಮೇಲೂ 'ಮಾರಿದ ಮಾಲು ವಾಪಸಿಲ್ಲ' ಅಂತ ಇರುತ್ತೆ. ಅದರ ಕೆಳಗೇ ಕೂತು ನಾನು ದಿನಾ ವಾಪಸ್ ತಗೋತೀನಿ."

ಮರುದಿನ ರಜೆ ಹಾಕಿ ಅವಳು ಗಾಜಿನ ಕಟ್ಟಡದ ಮೇಲೆ ದಂಡೆತ್ತಿ ಹೋದಳು. ಸೈನ್ಯವೆಂದರೆ ಅವಳೊಬ್ಬಳೇ, ಆಯುಧವೆಂದರೆ ನೀರಿನ ಬಾಟಲು ಮತ್ತು ಚೀಲ. ಒಳಗೆ ಕಾಲಿಟ್ಟರೆ ಕನ್ನಡಿಯಂಥ ನೆಲ, ಮಾತಾಡಿದರೆ ದಂಡ ಬೀಳುತ್ತದೇನೋ ಅನ್ನಿಸುವಷ್ಟು ನಿಶ್ಶಬ್ದ. ಸ್ವಾಗತದ ಹುಡುಗಿ ನಕ್ಕು ಕೇಳಿದಳು, "ಅಪಾಯಿಂಟ್‌ಮೆಂಟ್ ಇದೆಯಾ ಮೇಡಂ?"

"ಇಲ್ಲ. ಆರೋಪ ಇದೆ."

ಸ್ವಾಗತದ ಹುಡುಗಿಗೆ ಕೊಟ್ಟ ತರಬೇತಿಯಲ್ಲಿ ಈ ಉತ್ತರಕ್ಕೆ ಪ್ರತ್ಯುತ್ತರ ಇರಲಿಲ್ಲ. ಫೋನು ಎತ್ತಿದಳು. ಸ್ವಲ್ಪ ಹೊತ್ತಿಗೆ ನೇಮಕಾತಿ ಅಧಿಕಾರಿ ಇಳಿದು ಬಂದ. ತೆಳ್ಳಗಿನ ತರುಣ. ಅವನ ಅಂಗಿಯ ಚೂಪು ಮಡಿಕೆಗಳಿಂದ ತರಕಾರಿ ಹೆಚ್ಚಬಹುದಿತ್ತು. ಸೂರಕ್ಕ ಮನಸ್ಸಿನಲ್ಲೇ ಅವನಿಗೆ ಇಸ್ತ್ರಿ ಎಂದು ನಾಮಕರಣ ಮಾಡಿದಳು. ನಾವೂ ಹಾಗೇ ಕರೆಯೋಣ.

"ನೋಡಿ ಮೇಡಂ," ಎಂದ ಇಸ್ತ್ರಿ, "ಇದು ಸಿಸ್ಟಮ್ ತಗೊಂಡ ನಿರ್ಧಾರ. ನಮ್ಮ ಕೈಲೇನಿಲ್ಲ."

"ಯಾರ ಕೈಲಿದೆ?"

"ಸಿಸ್ಟಮ್..."

"ಅದನ್ನ ಕರೀರಿ. ಮಾತಾಡ್ತೀನಿ."

ಇಸ್ತ್ರಿ ಕೆಮ್ಮಿದ. "ನಿಮ್ಮ ದೃಷ್ಟಿ ಬೇರೆ ಕಡೆ ಹೋಗಿದೆ ಮೇಡಂ. ವೀಡಿಯೋ ಇದೆ."

"ಹೋಗಿದೆ. ನಾನು ಇಲ್ಲ ಅಂದ್ನಾ? ನೀವು ವಕೀಲರ ಕಂಪನಿಯವರು. ಕಳ್ಳಿ ಅಂದಿದ್ದೀರಿ. ಕದ್ದ ಮಾಲೆಲ್ಲಿ? ಸೀಲಿಂಗ್ ಮೇಲೆ ಏನು ಬರೆದಿತ್ತು? ಯಾರು ಬರೆದರು? ಸಾಕ್ಷಿ ಯಾರು?"

"ನಾವು ಕಳ್ಳಿ ಅಂತ ಪದ ಬಳಸಿಲ್ಲ..."

"ಅರ್ಥ ಬಳಸಿದ್ದೀರಿ. ಅದನ್ನ ವಾಪಸ್ ತಗೊಳ್ಳಿ, ಅರ್ಜಿ ಮತ್ತೆ ತೆರೀರಿ. ವಾಪಸ್ ತಗೊಳ್ಳೋದೇ ನನ್ನ ಕೆಲಸ ಕಣ್ರೀ, ಇಷ್ಟು ವರ್ಷದಿಂದ ಮಾಡ್ತಿದ್ದೀನಿ. ಅದೇನೂ ಅಂಥ ಕಷ್ಟ ಅಲ್ಲ. ಬೇಕಾದ್ರೆ ಹೇಳ್ಕೊಡ್ತೀನಿ."

ಇಸ್ತ್ರಿ ಮೇಲೆ ಹೋದ. ಸೂರಕ್ಕ ಸೋಫಾದಲ್ಲಿ ಕುಳಿತಳು. ಕಕ್ಷಿದಾರರು ಬಂದರು, ಹೋದರು. ಕರಿ ಕೋಟಿನವರು ಬಂದರು, ಹೋದರು. "ಯಾರನ್ನು ಕಾಯ್ತಿದ್ದೀರಿ?" ಎಂದು ಯಾರಾದರೂ ಸೌಜನ್ಯಕ್ಕೆ ಕೇಳಿದರೆ ಅವಳು ಇಡೀ ಪ್ರಕರಣವನ್ನು ಆದಿಯಿಂದ ಅಂತ್ಯದವರೆಗೆ ವಿವರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಕಕ್ಷಿದಾರ ತನ್ನ ವಕೀಲರನ್ನು ಭೇಟಿಯಾಗುವ ಬದಲು ಅವಳ ಪಕ್ಕದಲ್ಲಿ ಕುಳಿತು, ಬಾಡಿಗೆ ಕರಾರಿನ ಬಗ್ಗೆ ಸಲಹೆ ಕೇಳತೊಡಗಿದ. ಇದನ್ನು ಮೇಲಿನ ಮಹಡಿಯಿಂದ ಯಾರೋ ನೋಡಿರಬೇಕು. ಇಸ್ತ್ರಿ ಓಡುತ್ತ ಇಳಿದು ಬಂದ.

"ಏನು ಮಾಡಿದರೆ ಮನೆಗೆ ಹೋಗ್ತೀರಿ ಮೇಡಂ?"

"ಸ್ಥಳ ಪರಿಶೀಲನೆ ಮಾಡಿ. ಬನ್ನಿ, ನಮ್ಮ ಸೀಲಿಂಗ್ ನೋಡಿ. ಅಲ್ಲೊಂದು ಅಕ್ಷರ ಸಿಕ್ಕಿದರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಶನಿವಾರ ಮಧ್ಯಾಹ್ನ ಎಂದು ಗೊತ್ತಾಯಿತು. ವಕೀಲಿ ವೃತ್ತಿಯ ಇತಿಹಾಸದಲ್ಲಿ ಹೊಲ, ಗೋಡೆ, ಬಾವಿಗಳಿಗೆ ಸ್ಥಳ ಪರಿಶೀಲನೆ ನಡೆದಿರಬಹುದು. ಒಂದು ಬಡ ಸೂರಿಗೆ ಈ ಗೌರವ ಸಂದದ್ದು ಇದೇ ಮೊದಲಿರಬೇಕು. ಗೆದ್ದ ಸೇನಾನಿಯಂತೆ ಸೂರಕ್ಕ ಮನೆಗೆ ಬಂದು, "ಶನಿವಾರ ಆಫೀಸಿನೋರು ಬರ್ತಾರೆ, ನಮ್ಮ ಸೀಲಿಂಗ್ ನೋಡೋಕೆ" ಎಂದು ಸಾರಿದಳು.

ಅತ್ತೆ ಏನೂ ಹೇಳಲಿಲ್ಲ. ಅದೇ ಅಪಶಕುನ. ಅತ್ತೆ ಏನೂ ಹೇಳದ ದಿನ ಏನೋ ಮಾಡುತ್ತಾರೆ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಶನಿವಾರ ಸೂರಕ್ಕನಿಗೆ ಅರ್ಧ ದಿನದ ಕೆಲಸ. ಮುಗಿಸಿ ಬಂದು ಬಾಗಿಲು ತೆರೆದಳು. ಕುರ್ಚಿ, ಮೇಜು, ಟಿವಿ ಎಲ್ಲ ಹಳೆಯ ಬೆಡ್‌ಶೀಟು ಹೊದ್ದು ಕುಳಿತಿದ್ದವು. ನೆಲದ ತುಂಬ ಪೇಪರು. ಏಣಿಯ ತುದಿಯಲ್ಲಿ ಕೆಳಗಿನ ಮಹಡಿಯ ಪೇಂಟರ್. ಮೇಲೆ, ಕಲೆ ಇಲ್ಲ, ಬಲೆ ಇಲ್ಲ, ಮಸಿ ಇಲ್ಲ; ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ, ಹಸಿಹಸಿಯಾಗಿ ಹೊಳೆಯುವ ಸೂರು.

"ಡಬಲ್ ಕೋಟ್ ಹೊಡ್ದಿದ್ದೀನಿ ಅಕ್ಕಾ," ಎಂದ ಪೇಂಟರ್ ಹೆಮ್ಮೆಯಿಂದ.

"ಅಣ್ಣಾ, ಸಾಕ್ಷ್ಯ ಅಳಿಸಿಬಿಟ್ಟೆಯಲ್ಲೋ!"

"ಇಲ್ಲಕ್ಕಾ, ಬಲೆ ಒಂದೇ ತೆಗೆದಿದ್ದು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. "ಅವನನ್ನ ಯಾಕೆ ಬೈತೀಯ? ನಾನೇ ಹೇಳಿದ್ದು. ದೊಡ್ಡ ಆಫೀಸಿನೋರು ಬಂದು ಮೇಲೆ ನೋಡ್ತಾರೆ ಅಂದೆ. ಆ ಕಲೆ ನೋಡಿ ಏನಂದ್ಕೋತಾರೆ? ಈ ಮನೇಲಿ ಒಬ್ಬಳು ಅತ್ತೆ ಇದ್ದಾಳೋ ಸತ್ತಿದ್ದಾಳೋ ಅನ್ನಲ್ವಾ?"

"ಅತ್ತೆ, ಅವರು ಕಲೆ ನೋಡೋಕೇ ಬರ್ತಿದ್ದಾರೆ! ಈಗ ನೋಡಿದ್ರೆ ಬರೆದಿದ್ದನ್ನ ಅಳಿಸೋಕೇ ಬಣ್ಣ ಹೊಡೆಸಿದ್ದಾರೆ ಅಂತಾರೆ."

ಅತ್ತೆಗೆ ವಿಷಯ ನಿಧಾನವಾಗಿ ಇಳಿಯಿತು. ಇಳಿದ ಮೇಲೆ ಕಣ್ಣಲ್ಲಿ ನೀರೇ ಬಂತು. "ಹಂಗಾದ್ರೆ ಹಳೇ ಬಣ್ಣ ಅಂದ್ಬಿಡು. ಹೋದ ವರ್ಷದ್ದು ಅನ್ನು."

"ವಾಸನೆ?"

"ಬಾತ್‌ರೂಂ ತೊಳೆದ್ವಿ ಅಂತೀನಿ," ಎಂದ ಗಂಡ, ಬೇಗ ಒಣಗಲೆಂದು ಫ್ಯಾನಿನ ಸ್ವಿಚ್ಚು ಒತ್ತಿದ. "ಹಾಕ್ಬೇಡಿ!" ಎಂದು ಪೇಂಟರ್ ಕೂಗುವಷ್ಟರಲ್ಲಿ ರೆಕ್ಕೆಗಳ ಮೇಲೆ ಬಿದ್ದಿದ್ದ ಬಣ್ಣವೆಲ್ಲ ಹಾರಿ ಅವನ ತಲೆಗೂದಲಿಗೆ ಒಂದೇ ಕ್ಷಣದಲ್ಲಿ ಅಕಾಲ ವೃದ್ಧಾಪ್ಯ ಬಂತು. ಆಗ ಕರೆಗಂಟೆ ಸದ್ದು ಮಾಡಿತು.

ಇಸ್ತ್ರಿ ಒಳಗೆ ಬಂದ. ಮೊದಲು ಅವನ ಮೂಗು ಕೆಲಸ ಮಾಡಿತು, ಆಮೇಲೆ ಕಣ್ಣು. ಏಣಿ ನೋಡಿದ, ಪೇಂಟರನ್ನು ನೋಡಿದ, ನರೆತ ತಲೆಯ ಗಂಡನನ್ನು ನೋಡಿದ, ಕೊನೆಗೆ ಮೇಲೆ ನೋಡಿದ.

"ಬಣ್ಣ ಯಾವಾಗ ಹೊಡೆಸಿದ್ದು ಮೇಡಂ?"

ಅತ್ತೆ ಅವನ ಬೆನ್ನ ಹಿಂದೆ ನಿಂತು 'ಹೋದ ವರ್ಷ' ಎಂದು ತುಟಿ ಅಲ್ಲಾಡಿಸಿದರು. ಗಡುವು ಮುಗಿಯುವ ಹಂಗಾಮು, ಉಳಿದ ಒಂದೇ ಬಾಗಿಲು, ಅದೂ ಒಂದು ಸಣ್ಣ ಸುಳ್ಳಿನಷ್ಟು ದೂರದಲ್ಲಿ. ಆದರೆ ಸುಳ್ಳುಗಳನ್ನು ಕೌಂಟರಿನ ಈಚೆಯಿಂದ ನೋಡಿದವಳು ಅವಳು. ಅವು ಎಷ್ಟು ಬೇಗ ಹೊಗೆಯಾಡುತ್ತವೆಂದು ಗೊತ್ತಿತ್ತು.

"ಈಗ," ಎಂದಳು. "ಇನ್ನೂ ಒಣಗಿಲ್ಲ. ಮುಟ್ಟಬೇಡಿ."

"ಇದು ಹೇಗೆ ಕಾಣುತ್ತೆ ಅಂತ ನಿಮಗೇ ಗೊತ್ತಲ್ಲ."

"ಗೊತ್ತು. ಕಳ್ಳಿಯಾಗಿದ್ರೆ ಪರೀಕ್ಷೆ ಮುಗಿದ ದಿನಾನೇ ಹೊಡೆಸಿರ್ತಿದ್ದೆ. ನೀವು ಬರೋ ಹೊತ್ತಿಗೆ ಒಣಗಿರ್ತಿತ್ತು. ಇಷ್ಟು ಪೆದ್ದಾಗಿ ಸಿಕ್ಕಿಬೀಳೋರು ನಿರಪರಾಧಿಗಳೇ ಇರಬೇಕು."

ಇಸ್ತ್ರಿ ನಗುವನ್ನು ಅರ್ಧಕ್ಕೇ ಮಡಚಿಟ್ಟ. "ಆದರೂ ಮೇಡಂ, ಪರಿಶೀಲಿಸೋಕೆ ಏನೂ ಉಳಿದಿಲ್ಲ. ನಾನಿನ್ನು..."

"ಸೂರು ಹೋದರೆ ಹೋಯಿತು. ಮಷೀನ್ ಇದೆಯಲ್ಲ, ಅದನ್ನ ಪರಿಶೀಲಿಸೋಣ. ಕೂತ್ಕೊಳ್ಳಿ."

ಕುರ್ಚಿಯ ಬೆಡ್‌ಶೀಟು ಎಳೆದಳು, ಲ್ಯಾಪ್‌ಟಾಪ್ ತೆರೆದಳು. ಪರೀಕ್ಷೆ ನಡೆಸುವ ಕಂಪನಿಯವರೇ ಅಭ್ಯಾಸಕ್ಕೆಂದು ಇಟ್ಟ ಮಾದರಿ ಪರೀಕ್ಷೆ ಅಲ್ಲಿತ್ತು, ಕ್ಯಾಮೆರಾ ಕಾವಲಿನ ಸಮೇತ. "ನೀವು ಬರೀರಿ," ಎಂದಳು. "ಸುಮ್ಮನೆ ಗುಂಡಿ ಒತ್ತೋದಲ್ಲ. ಉತ್ತರ ಸರಿ ಇರಬೇಕು."

ಇಸ್ತ್ರಿ ಹಿಂಜರಿದ. ಅಷ್ಟು ಜನರ ಎದುರು ಪರೀಕ್ಷೆಗೆ ಹೆದರಿದ ಎನ್ನಿಸಿಕೊಳ್ಳುವುದು ಅವನಿಗೂ ಇಷ್ಟವಿರಲಿಲ್ಲ. ಕುಳಿತ. ಕ್ಯಾಮೆರಾಕ್ಕೆ ಕಾಣದ ಹಾಗೆ ಎಲ್ಲರೂ ಎದುರಿನ ಗೋಡೆಗಂಟಿ ನಿಂತರು.

"ನೆಟ್ಟಗೆ ಕೂತ್ಕೋ ಮಗಾ," ಎಂದರು ಅತ್ತೆ. "ಗಾಬರಿ ಬೀಳ್ಬೇಡ. ಓದಿಕೊಂಡು ಬರಿ."

ಮೊದಲ ಪ್ರಶ್ನೆ ಸುಲಭದ್ದು. ಎರಡನೆಯದು ಹೇಳಿಕೆ ಮತ್ತು ತೀರ್ಮಾನದ್ದು. ಇಸ್ತ್ರಿ ಓದಿದ. ಮತ್ತೊಮ್ಮೆ ಓದಿದ. ಅವನ ತುಟಿ ಅಲುಗಿತು, ಹುಬ್ಬು ಗಂಟಿಕ್ಕಿತು. ಆಮೇಲೆ ನಿಧಾನವಾಗಿ, ಯಾರೋ ದಾರ ಕಟ್ಟಿ ಎಳೆದಂತೆ, ಗದ್ದ ಏಳತೊಡಗಿತು. ಲ್ಯಾಪ್‌ಟಾಪಿನ ಅಂಚು ದಾಟಿತು ನೋಟ, ಗೋಡೆಯ ಗಡಿಯಾರ ದಾಟಿತು, ಟ್ಯೂಬ್‌ಲೈಟು ದಾಟಿ ಹಸಿ ಸೂರಿನ ನಡುಮಧ್ಯದಲ್ಲಿ ಹೋಗಿ ನಿಂತಿತು.

ಲ್ಯಾಪ್‌ಟಾಪು ಕುಂಯ್ ಎಂದಿತು. ಪರದೆಯ ಸುತ್ತ ಕೆಂಪು ಗೆರೆ. ಇಸ್ತ್ರಿ ಬೆಚ್ಚಿ ಕಣ್ಣಿಳಿಸಿದ. ಮುಂದಿನ ಪ್ರಶ್ನೆಗೆ ಹಲ್ಲು ಕಚ್ಚಿ ಪರದೆಯನ್ನೇ ನೋಡಿದ, ಯೋಚನೆ ಬರಲಿಲ್ಲ. ಯೋಚನೆ ಬಂದಾಗ ಕಣ್ಣು ಮೇಲೆ ಹೋಗಿತ್ತು. ಮತ್ತೆ ಕುಂಯ್. ಕೊನೆಗೆ ತೀರ್ಪು ಬಂತು: ನಕಲಿನ ಶಂಕೆ.

"ಅಯ್ಯೋ ಪಾಪ," ಎಂದರು ಅತ್ತೆ, "ಇವನೂ ಹೊಡೆದನಾ?"

ಪೇಂಟರಿಗೆ ತಡೆಯಲಾಗಲಿಲ್ಲ. ಬ್ರಷ್ಷು ಎತ್ತಿ ಹಿಡಿದು ಪರದೆಯ ಕಡೆಗೇ ತಿರುಗಿ ಸಾಕ್ಷಿ ನುಡಿದ: "ದೇವರಾಣೆ, ಮೇಲೆ ಏನೂ ಬರೆದಿಲ್ಲ ಸಾರ್! ನಾನೇ ಹೊಡೆದಿದ್ದು, ಡಬಲ್ ಕೋಟು!"

"ನಾನು ಯೋಚಿಸ್ತಿದ್ದೆ..." ಎಂದ ಇಸ್ತ್ರಿ. ಅವನ ಕಿವಿ ಕೆಂಪಾಗಿತ್ತು.

ಸೂರಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. "ನನ್ನ ವಾದ ಮುಗೀತು."

ಮುಂದಿನದು ಬೇಗ ನಡೆಯಿತು. ಅರ್ಜಿ ಮತ್ತೆ ತೆರೆಯಿತು. ಗಾಜಿನ ಕಟ್ಟಡದಲ್ಲೇ, ಮನುಷ್ಯರ ಕಾವಲಿನಲ್ಲಿ, ಅವಳಿಗೆ ಮತ್ತೆ ಪರೀಕ್ಷೆ ಇಟ್ಟರು. ಎಲ್ಲರಿಗಿಂತ ಮೇಲೆ ಬಂದಳು ಎಂದು ಬರೆಯಲು ಕೈ ತವಕಿಸುತ್ತದೆ, ಆದರೆ ಬಂದದ್ದು ನಡುವಿನಲ್ಲಿ. ನಡುವಿನವರಿಗೂ ಸಂದರ್ಶನಕ್ಕೆ ಕರೆ ಇತ್ತು. ಹೋದಳು; ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಒಂದೆರಡು ಕಡೆ ಅವರನ್ನೇ ತಿದ್ದಿದಳು, ಒಂದು ಕಡೆ ತಾನೇ ತಪ್ಪಿದಳು, ತಪ್ಪಿದೆ ಎಂದೂ ಹೇಳಿದಳು.

ಕೊನೆಗೆ ಸಂಸ್ಥೆಯ ಹಿರಿಯ ವಕೀಲೆ ತರಬೇತಿಯ ಪತ್ರಕ್ಕೆ ಸಹಿ ಹಾಕಿ ಮೇಜಿನ ಮೇಲೆ ಈ ಕಡೆಗೆ ಸರಿಸಿದರು. ಪಕ್ಕದಲ್ಲಿ ಇಸ್ತ್ರಿ ಕುಳಿತಿದ್ದ. ಹಿರಿಯ ವಕೀಲೆ ಕನ್ನಡಕ ತೆಗೆದು, ನ್ಯಾಯಾಲಯದಲ್ಲಿ ಕೊನೆಯ ಮಾತು ಆಡುವ ಧಾಟಿಯಲ್ಲಿ ಶುರು ಮಾಡಿದರು.

"ನಲವತ್ತರ ಹತ್ತಿರ ಬಂದಿದ್ದೀರಿ. ಅವಮಾನ ಆದರೂ ಹಿಂದೆ ಸರಿಯಲಿಲ್ಲ. ನಮ್ಮ ಸೋಫಾದಲ್ಲಿ ಧರಣಿ ಕೂತಿರಿ. ನಮ್ಮ ಯಂತ್ರವನ್ನು ಕಟಕಟೆಗೆ ಹತ್ತಿಸಿದಿರಿ, ನಮ್ಮ ಅಧಿಕಾರಿಯನ್ನು ಫೇಲ್ ಮಾಡಿಸಿದಿರಿ. ಬೇರೆ ಸಂಸ್ಥೆಗಳು ಧನ್ಯವಾದ ಅಂದಾಗ ನೀವು ಒಂದು ಮಾತೂ ಆಡಲಿಲ್ಲವಂತೆ. ನಮ್ಮ ಬಾಗಿಲಿಗೆ ಮಾತ್ರ ಇಷ್ಟು ದೊಡ್ಡ ಹೋರಾಟ ಮಾಡಿದಿರಿ. ಪತ್ರಕ್ಕೆ ಸಹಿ ಆಗಿದೆ, ಇನ್ನು ಭಯ ಇಲ್ಲ, ಮನಸ್ಸು ಬಿಚ್ಚಿ ಹೇಳಿ. ನಮ್ಮ ಸಂಸ್ಥೆಯಲ್ಲಿ ಅಂಥದ್ದೇನು ಕಂಡಿರಿ? ನಮ್ಮ ಹೆಸರಾ? ನಮ್ಮ ಮೌಲ್ಯಗಳಾ?"

ಇಸ್ತ್ರಿ ಪೆನ್ನು ತೆರೆದ. ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಲು ಒಂದು ಒಳ್ಳೆಯ ಮಾತು ಸಿಗಬಹುದೆಂಬ ಆಸೆ ಅವನಿಗೆ.

ಸೂರಕ್ಕ ಪತ್ರ ಮಡಚಿ ಚೀಲದಲ್ಲಿಟ್ಟಳು.

"ಇಲ್ಲಿಗಾದ್ರೆ ಒಂದೇ ಬಸ್ಸು ಮೇಡಂ. ಬೇರೆ ಕಡೆಗೆಲ್ಲ ಎರಡು ಹತ್ತಬೇಕು."